ಅರ್ಧ ಗುಳಿಗೆ

ಬಸವಪ್ರಸಾದನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ಅವನು ತನ್ನ ಗುಳಿಗೆಯ ಮುಖ ನೋಡಿದವನಲ್ಲ. ಬೆಳಿಗ್ಗೆ ಏಳಕ್ಕೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, ಎಡಗೈಯಲ್ಲಿ ಮೊಬೈಲ್ ಹಿಡಿದು, ನಾಲ್ಕು ಚಮಚ ತಿಂದಾದ ಮೇಲೆ ಬಲಗೈ ಚಾಚುತ್ತಿದ್ದ. ಹೆಂಡತಿ ಶ್ರೀದೇವಿ ಆ ಅಂಗೈಯಲ್ಲಿ ಗುಳಿಗೆ ಇಡುತ್ತಿದ್ದಳು. ಅವನ ಕಣ್ಣು ಮೊಬೈಲಿನಲ್ಲೇ ಇರುತ್ತಿತ್ತು, ಕೈ ಬಾಯಿಗೆ ಹೋಗುತ್ತಿತ್ತು, ನೀರಿನ ಲೋಟವನ್ನೂ ಅವಳೇ ಆ ಕೈಗೆ ಕೊಡುತ್ತಿದ್ದಳು. ರಾತ್ರಿಯ ಊಟಕ್ಕೂ ಇದೇ ಸೇವೆ. ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ಒಂದು ಕಂಪನಿಯಲ್ಲಿ ಅವನ ಕೆಲಸವೆಂದರೆ ಕಾರಿನೊಳಗೆ ಕೂರುವ ಸರ್ಕ್ಯೂಟ್ ಬೋರ್ಡುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದು ತೋರಿಸುವುದು. ಹಾಗೆ ಹಿಡಿದದ್ದಕ್ಕೆ ಒಂದು ಸಲ ಗಾಜಿನ ಫಲಕ ಕೊಟ್ಟು ಸನ್ಮಾನವನ್ನೂ ಮಾಡಿದ್ದಾರೆ. ಫೊಯರ್‌ಬಾಕ್‌ನ ಅವರ ಮನೆಯಲ್ಲಿ ಅದು ಟಿವಿಯ ಪಕ್ಕ ನಿಂತಿದೆ. ವಾರಕ್ಕೊಮ್ಮೆ ಅದರ ಧೂಳು ಒರೆಸುವವಳೂ ಶ್ರೀದೇವಿಯೇ.

ಅವನು ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಶ್ರೀದೇವಿ ಎಂದೋ ಜಗಳ ತೆಗೆದು ಒಂದು ಇತ್ಯರ್ಥಕ್ಕೆ ಬಂದಿರುತ್ತಿದ್ದಳು. ಇಳಕಲ್ಲಿನ ಮನೆಯಲ್ಲಿ ಅವನಪ್ಪ ಶಿವಲಿಂಗಯ್ಯನವರೂ ಹೀಗೆಯೇ ಅಂಗೈ ಚಾಚುತ್ತಿದ್ದರು, ತಾಯಿ ಸಾವಿತ್ರವ್ವ ಹೀಗೆಯೇ ಗುಳಿಗೆ ಇಡುತ್ತಿದ್ದಳು. ಗಂಡಸಿನ ಗುಳಿಗೆ ಹೆಂಗಸಿನ ಜವಾಬ್ದಾರಿ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅಗತ್ಯವೂ ಬಿದ್ದಿರಲಿಲ್ಲ. ಬಸವಪ್ರಸಾದ ಜರ್ಮನಿಗೆ ಬರುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿಯ ಜೊತೆಗೆ ಈ ಅಂಗೈಯನ್ನೂ ತಂದಿದ್ದ.

ಎರಡು ವರ್ಷದ ಹಿಂದೆ, ಯುಗಾದಿಯ ಆಸುಪಾಸಿನಲ್ಲಿ, ಶ್ರೀದೇವಿಗೆ ವಿಪರೀತ ನೀರಡಿಕೆ ಶುರುವಾಯಿತು. ರಾತ್ರಿ ನಾಲ್ಕು ಸಲ ಏಳುತ್ತಿದ್ದಳು. ಹಗಲು ಮೆಟ್ಟಿಲು ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಗಂಡನಿಗೆ ಹೇಳಿದಳು.

"ಯಾಕೋ ಭಾಳ ನೀರಡಿಕಿ ಆಗ್ತೈತ್ರಿ. ರಾತ್ರಿ ನಿದ್ದೀನ ಇಲ್ಲ."

"ಮಲಗೂ ಮುಂದ ಅಷ್ಟ್ ನೀರ್ ಯಾಕ ಕುಡಿತಿ? ಕಡಿಮಿ ಕುಡಿ," ಎಂದ ಬಸವಪ್ರಸಾದ.

ಹಬ್ಬದ ದಿನ ಅಡಿಗೆ ಮುಗಿಸಿ, ಅವನ ಶುಗರ್ ಮಷೀನಿನಲ್ಲಿ ತನ್ನ ಬೆರಳು ಚುಚ್ಚಿಕೊಂಡು ನೋಡಿದಳು. ಇನ್ನೂರ ನಲವತ್ತು. ಅವನಿಗೆ ತೋರಿಸಿದಳು. ಅವನು ಇಂಜಿನಿಯರ್ ಅಲ್ಲವೇ, ಕೂಡಲೇ ಕಾರಣ ಹುಡುಕಿ ಕೊಟ್ಟ. "ನೀ ಹೂರಣ ಕಲಸೀಯಲ್ಲ. ಬೆರಳಿಗೆ ಬೆಲ್ಲ ಹತ್ತಿರ್ತೈತಿ. ಕೈ ತೊಳಕೊಂಡ್ ನೋಡು." ಮಾತು ಸುಳ್ಳಲ್ಲ, ಬೆಲ್ಲದ ಕೈ ಹಾಗೆ ತೋರಿಸುವುದುಂಟು. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸೋಪು ಹಚ್ಚಿ ಮೂರು ಸಲ ಕೈ ತೊಳೆದು ಮತ್ತೆ ಚುಚ್ಚಿಕೊಂಡಳು. ನೂರಾ ತೊಂಬತ್ತೆಂಟು. ಈ ಸಲ ದೂರಲು ಬೆಲ್ಲ ಇರಲಿಲ್ಲ.

ಬಸವಪ್ರಸಾದ ತನ್ನ ಡಾಕ್ಟರ ಹತ್ತಿರ ಅವಳಿಗೂ ಟರ್ಮಿನ್ ತೆಗೆದುಕೊಂಡ. ಈ ದೇಶದಲ್ಲಿ ಟರ್ಮಿನ್ ಎನ್ನುವ ಮುಂಗಡ ಹೊತ್ತು ಗೊತ್ತುಮಾಡಿಕೊಳ್ಳದೆ ಡಾಕ್ಟರೂ ಸಿಗುವುದಿಲ್ಲ, ಕ್ಷೌರಿಕನೂ ಸಿಗುವುದಿಲ್ಲ. ಆರು ವಾರದ ನಂತರದ ದಿನ ಸಿಕ್ಕಿತು. ಆ ದಿನ ಅವನ ಕಂಪನಿಯಲ್ಲಿ ಆಡಿಟ್ ಬಂತು. ಮುಂದೆ ಹಾಕಿದ. ಮುಂದೆ ಹಾಕಿದ ದಿನ ಮಗಳು ಪವಿಗೆ ಪರೀಕ್ಷೆ ಇತ್ತು, ಅವನು ಕೆಲಸದ ಮೇಲೆ ಮ್ಯೂನಿಕ್ಕಿಗೆ ಹೋಗಿದ್ದ. ಮೂರನೆಯ ಟರ್ಮಿನ್ ತೆಗೆದುಕೊಳ್ಳುವುದನ್ನು ಮರೆತ. ಶ್ರೀದೇವಿ ಎರಡು ಸಲ ನೆನಪಿಸಿದಳು, ಮೂರನೆಯ ಸಲ ನೆನಪಿಸಲಿಲ್ಲ.

ಒಬ್ಬಳೇ ಹೋಗಬಹುದಿತ್ತಲ್ಲ ಎಂದು ಕೇಳುವುದು ಸುಲಭ. ಪವಿ ಎರಡು ವರ್ಷದ ಕೂಸಾಗಿದ್ದಾಗ ಬಂದವಳು, ಭಾಷೆಯ ಕ್ಲಾಸಿಗೆ ಸೇರಿದ್ದೂ ಹೌದು, ಮಗುವಿಗೆ ಜ್ವರ ಬಂದಾಗಲೆಲ್ಲ ಬಿಟ್ಟು ಬಿಟ್ಟು ಕೊನೆಗೆ ಪೂರ್ತಿ ಬಿಟ್ಟದ್ದೂ ಹೌದು. ತರಕಾರಿ ಅಂಗಡಿಯಲ್ಲಿ, ಟ್ರಾಮಿನಲ್ಲಿ ಅವಳ ಜರ್ಮನ್ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಕಚೇರಿ, ಆಸ್ಪತ್ರೆ ಎಂದರೆ ಬಾಯಿ ತೆರೆಯುವ ಮೊದಲೇ ಬಸವಪ್ರಸಾದ "ನಿನಗ ತಿಳಿಯಂಗಿಲ್ಲ, ನಾ ಮಾತಾಡ್ತೀನಿ" ಎನ್ನುತ್ತಿದ್ದ. ಹನ್ನೆರಡು ವರ್ಷ ಒಬ್ಬರ ಬದಲು ಇನ್ನೊಬ್ಬರು ಮಾತಾಡಿದರೆ, ಆ ಒಬ್ಬರಿಗೆ ತನಗೆ ಮಾತು ಬರುತ್ತದೆ ಎನ್ನುವುದೇ ಮರೆತುಹೋಗುತ್ತದೆ.

ಭಾನುವಾರದ ವಿಡಿಯೋ ಕಾಲಿನಲ್ಲಿ ಅತ್ತೆಯ ಮುಂದೆ ವಿಷಯ ಎತ್ತಿದಳು. ಸಾವಿತ್ರವ್ವ ಮೊಬೈಲನ್ನು ಮುಖದ ಹತ್ತಿರ ತಂದುಕೊಂಡು ದನಿ ತಗ್ಗಿಸಿದಳು.

"ಯಾರ ಮುಂದೂ ಆಡಬ್ಯಾಡ. ಇನ್ನ ನಾಕ್ ವರ್ಷಕ್ಕ ಪವಿಗೆ ಹದಿನೆಂಟು. ಅಪ್ಪಗೂ ಸಕ್ರಿ, ಅವ್ವಗೂ ಸಕ್ರಿ ಅಂದ್ರ ಆ ಹುಡುಗಿನ್ನ ಯಾರ್ ಬಂದ್ ಕೇಳ್ತಾರ?"

"ಮತ್ತ ಏನ್ ಮಾಡ್ಲಿ ಅತ್ತಿ?"

"ನಾ ಏನ್ ಮಾಡೀನಿ? ಇಪ್ಪತ್ ವರ್ಷ ನಿಮ್ಮ ಮಾವನ ಗುಳಗಿ ಪಟ್ಟೀಲೇ ನಾನೂ ಒಡಕೊಂಡು ನುಂಗೀನಿ. ಒಂದ್ ಚೀಟಿ, ಇಬ್ರಿಗೂ ಔಷಧ. ನನಗೇನಾಗೇತಿ?"

ಏನೂ ಆಗಿಲ್ಲ ಎನ್ನುವುದು ಅತ್ತೆಯ ಮಾತು. ಅದರ ಹಿಂದಿನ ವರ್ಷ ಎಡಗಾಲಿನ ಎರಡು ಬೆರಳು ತೆಗೆಸಿದ್ದನ್ನು ಅವಳು ಮುಳ್ಳು ಚುಚ್ಚಿದ ಲೆಕ್ಕಕ್ಕೆ ಹಾಕಿದ್ದಳು. ಶ್ರೀದೇವಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅತ್ತೆಯ ಮಾತು ಕೇಳಿದಳು, ಯಾಕೆಂದರೆ ಅವಳ ನೀರಡಿಕೆಗೆ ಏನಾದರೂ ಒಂದು ದಾರಿ ತೋರಿಸಿದವಳು ಆ ಮುದುಕಿ ಒಬ್ಬಳೇ.

ಊರಲ್ಲಾದರೆ ಮೆಡಿಕಲ್ ಅಂಗಡಿಯವನಿಗೆ ಖಾಲಿ ಪಟ್ಟಿ ತೋರಿಸಿದರೆ ಇನ್ನೊಂದು ಪಟ್ಟಿ ಕೊಡುತ್ತಾನೆ. ಇಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ, ಡಾಕ್ಟರು ಮೂರು ತಿಂಗಳಿಗೆ ಇಷ್ಟೇ ಎಂದು ಎಣಿಸಿ ಬರೆಯುತ್ತಾರೆ. ಹೆಚ್ಚು ಖರ್ಚಾದರೆ ಕೇಳುತ್ತಾರೆ. ಹಾಗಾಗಿ ಶ್ರೀದೇವಿ ಗಂಡನ ಗುಳಿಗೆಯನ್ನೇ ಮುರಿದಳು. ಬಿಳಿಯ ಉದ್ದನೆಯ ಗುಳಿಗೆ, ನಡುವೆ ಒಂದು ಗೀರು. ಮುರಿಯಲೆಂದೇ ಗೀರು ಹಾಕಿದ್ದಾರಲ್ಲ ಎಂದು ಧೈರ್ಯ ತಂದುಕೊಂಡಳು. ಒಲೆಯ ಕಡೆ ಮುಖ ಮಾಡಿ ಎರಡು ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಸಮನಾಗಿ ಒಡೆಯುತ್ತಿತ್ತು. ಒಂದರ್ಧ ಅವನ ಅಂಗೈಗೆ, ಒಂದರ್ಧ ತನ್ನ ಬಾಯಿಗೆ.

ಮೊದಲ ದಿನ ಅವನ ಅಂಗೈಗೆ ಅರ್ಧ ಇಟ್ಟು ಅವನ ಮುಖವನ್ನೇ ನೋಡುತ್ತಾ ನಿಂತಳು. ಅವನು ನೋಡಿದರೆ ಎಲ್ಲ ಹೇಳಿಬಿಡಬೇಕು, ಅತ್ತು ಹೇಳಿಬಿಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ಅವನು ನೋಡಲಿಲ್ಲ. ಮೊಬೈಲಿನಲ್ಲಿ ಏನನ್ನೋ ಓದಿ ನಕ್ಕು, ಅರ್ಧ ಗುಳಿಗೆ ನುಂಗಿ, ನೀರು ಕುಡಿದ. ಅವಳಿಗೆ ನೆಮ್ಮದಿಯಾಯಿತೋ ಹೊಟ್ಟೆ ಉರಿಯಿತೋ ಅವಳಿಗೇ ಹೇಳಲಾಗಲಿಲ್ಲ. ಎರಡನೆಯ ದಿನವೂ ನೋಡಲಿಲ್ಲ. ತಿಂಗಳಾದ ಮೇಲೆ ಅವಳು ಒಲೆಯ ಕಡೆ ತಿರುಗುವುದನ್ನೂ ಬಿಟ್ಟು ಅವನ ಎದುರಿಗೇ ಮುರಿಯತೊಡಗಿದಳು.

ನೀರಡಿಕೆ ಸ್ವಲ್ಪ ತಗ್ಗಿತು. ರಾತ್ರಿ ನಾಲ್ಕು ಸಲ ಏಳುತ್ತಿದ್ದವಳು ಎರಡು ಸಲ ಏಳುತ್ತಿದ್ದಳು. ಮಷೀನಿನಲ್ಲಿ ಮತ್ತೆ ನೋಡಿಕೊಳ್ಳಲಿಲ್ಲ. ಅದು ನೋಡಿದ್ದನ್ನೆಲ್ಲ ನೆನಪಿಟ್ಟುಕೊಂಡು ಡಾಕ್ಟರ ಮುಂದೆ ಒದರಿಬಿಡುತ್ತದೆ ಎಂದು ಅವಳಿಗೆ ತಿಳಿದಿತ್ತು.

ಅವಳದು ತಗ್ಗಿದರೆ ಅವನದು ಏರಬೇಕಲ್ಲ. ಮೂರು ತಿಂಗಳಿಗೊಮ್ಮೆ ಮಾಡುವ, ಸರಾಸರಿ ಸಕ್ಕರೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ರಕ್ತಪರೀಕ್ಷೆಯಲ್ಲಿ ಏಳು ಇದ್ದದ್ದು ಏಳೂವರೆ ಆಯಿತು, ಎಂಟಾಯಿತು. ಡಾಕ್ಟರು ಗುಳಿಗೆ ಸರಿಯಾಗಿ ತಗೊಳ್ಳುತ್ತೀರಾ ಎಂದು ಕೇಳಿದರಂತೆ. ಬಸವಪ್ರಸಾದ ಮನೆಗೆ ಬಂದು ಅಭಿಮಾನದಿಂದ ಹೇಳಿದ: "ನನ್ನ ಹೆಂಡ್ತಿ ಗಡಿಯಾರ ಇದ್ದಂಗ ಅದಾಳ, ಒಂದ್ ದಿನಾನೂ ತಪ್ಪಿಸಿಲ್ಲ ಅಂತ ಹೇಳಿದೆ." ಆ ರಾತ್ರಿ ಶ್ರೀದೇವಿ ಉಣ್ಣಲಿಲ್ಲ. ತಾನು ಮಾಡುತ್ತಿರುವುದು ಕಳ್ಳತನ, ಅದೂ ಕಟ್ಟಿಕೊಂಡ ಗಂಡನ ಜೀವದಿಂದ ಕಳ್ಳತನ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನದಿಂದ ಒಂದು ವಾರ ಅವನಿಗೆ ಇಡೀ ಗುಳಿಗೆ ಕೊಟ್ಟಳು. ಎಂಟನೆಯ ದಿನ ಅವಳ ನಾಲಿಗೆ ಅಂಗುಳಕ್ಕೆ ಅಂಟಿತು, ಕಣ್ಣು ಮಂಜಾಯಿತು, ಟ್ರಾಮಿನ ನಂಬರು ಓದಲಾಗಲಿಲ್ಲ. ಒಂಬತ್ತನೆಯ ದಿನ ಮತ್ತೆ ಟಿಕ್ ಎಂದಿತು.

ಈ ವರ್ಷ ಜನವರಿಯಲ್ಲಿ ಅವನ ಪರೀಕ್ಷೆ ಎಂಟೂವರೆ ದಾಟಿತು. ಡಾಕ್ಟರು ಬಿಳಿ ಗುಳಿಗೆಯ ಜೊತೆಗೆ ಹಸಿರು ಬಣ್ಣದ ಇನ್ನೊಂದು ಸಣ್ಣ ಗುಳಿಗೆ ಸೇರಿಸಿದರು. ಸೇರಿಸಿ ಸುಮ್ಮನೆ ಕಳಿಸಲಿಲ್ಲ. ಹತ್ತು ನಿಮಿಷ ಕೂರಿಸಿಕೊಂಡು ಹೇಳಿದರು: ಇದು ಬಿಳಿಯದರ ಹಾಗಲ್ಲ, ಇದು ಸಕ್ಕರೆಯನ್ನು ಮಿತಿಗಿಂತ ಕೆಳಗೂ ಇಳಿಸಬಲ್ಲದು, ತಿಂಡಿಯ ಜೊತೆಗೇ ತಗೊಳ್ಳಿ, ಊಟ ಬಿಟ್ಟ ದಿನ ಇದನ್ನು ಮುಟ್ಟಬೇಡಿ, ಕೈ ನಡುಗಿದರೆ, ಬೆವರಿದರೆ ಕೂಡಲೇ ಸಕ್ಕರೆ ತಿನ್ನಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಬಸವಪ್ರಸಾದ ತಲೆಯಾಡಿಸಿದ. ಗ್ಲೂಕೋಸ್ ಪೊಟ್ಟಣ ಕೊಂಡು ಲ್ಯಾಪ್‌ಟಾಪ್ ಚೀಲದಲ್ಲಿ ಇಟ್ಟುಕೊಂಡ. ಇದೆಲ್ಲ ಶ್ರೀದೇವಿಗೆ ತಿಳಿದದ್ದು ಆಮೇಲೆ. ಅಂದು ಮನೆಗೆ ಬಂದವನು ಗುಳಿಗೆಯ ಡಬ್ಬಿಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಹೇಳಿದ್ದು ಒಂದೇ ಮಾತು.

"ಇದೊಂದು ಹೊಸಾದು. ಮುಂಜಾನೆ ಒಂದು."

"ಎದಕ್ಕಿದು?"

"ಶುಗರ್‌ಗೆ. ಮತ್ತೆದಕ್ಕ?"

ಡಬ್ಬಿಯೊಳಗೆ ಮಡಚಿಟ್ಟ ಉದ್ದನೆಯ ಕಾಗದವೂ ಇತ್ತು. ಎಲ್ಲ ಜರ್ಮನ್, ಇರುವೆ ಸಾಲಿನಂಥ ಅಕ್ಷರ. ಹೆಸರು, ಅಳತೆ ಇಷ್ಟನ್ನು ಡಬ್ಬಿಯ ಮೇಲೆ ಓದಿಕೊಂಡು, ಕಾಗದವನ್ನು ಹಾಗೇ ಮಡಚಿ ಒಳಗಿಟ್ಟಳು. ಆ ಹಸಿರು ಗುಳಿಗೆಯ ನಡುವೆಯೂ ಗೀರಿತ್ತು. ಅವನಿಗೆ ಎರಡು ಗುಳಿಗೆ ಬೇಕಾದರೆ ತನಗೂ ಬೇಕಿರಬೇಕು ಎಂದುಕೊಂಡು ಅದನ್ನೂ ಮುರಿದಳು.

ಮೊದಲ ತಿಂಗಳು ದೊಡ್ಡದೇನೂ ಆಗಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ಸಣ್ಣಗೆ ನಡುಗಿ, ಕೆಟ್ಟ ಹಸಿವೆ ಆಗುತ್ತಿತ್ತು. ಒಂದು ಬಾಳೆಹಣ್ಣು ತಿಂದರೆ ಸರಿಹೋಗುತ್ತಿತ್ತು. ವಯಸ್ಸು ನಲವತ್ತಾರಾಯಿತು, ಮೈ ಮೊದಲಿನಂತಿಲ್ಲ ಎಂದು ಸುಮ್ಮನಾದಳು.

ಫೆಬ್ರವರಿ ಕೊನೆಯಲ್ಲಿ ಶಿವರಾತ್ರಿ ಬಂತು. ಶ್ರೀದೇವಿ ಎಂಟನೆಯ ವಯಸ್ಸಿನಿಂದ ಶಿವರಾತ್ರಿ ಉಪವಾಸ ಬಿಟ್ಟವಳಲ್ಲ. ಪವಿಯನ್ನು ಹೊತ್ತಾಗಲೂ ಹಾಲು ಕುಡಿದು ನಡೆಸಿದ್ದಳು. ಸಂಜೆ ಲಿಂಗಪೂಜೆ ಆಗುವ ತನಕ ಹಣ್ಣೂ ಇಲ್ಲ, ನೀರೂ ಇಲ್ಲ. ಆ ಬುಧವಾರ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಗಂಡನಿಗೆ ಉಪ್ಪಿಟ್ಟು ಹಾಕಿದಳು. ಅವನದು ಉಪವಾಸ ಇಲ್ಲ, ಆಫೀಸು ಇತ್ತು. ಬಿಳಿಯದನ್ನು ಮುರಿದಳು, ಹಸಿರನ್ನು ಮುರಿದಳು, ಅವನ ಪಾಲು ಅವನ ಅಂಗೈಗೆ ಇಟ್ಟಳು. ತನ್ನ ಪಾಲನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಯೋಚಿಸಿದಳು. ಗುಳಿಗೆ ಊಟವಲ್ಲ, ಔಷಧ. ಔಷಧದಿಂದ ಉಪವಾಸ ಮುರಿಯುವುದಿಲ್ಲ. ಊರಿನಲ್ಲಿ ಎಲ್ಲರೂ ಹಾಗೇ ಮಾಡುವುದು. ಒಂದು ಗುಟುಕು ತೀರ್ಥದಲ್ಲಿ ಎರಡನ್ನೂ ನುಂಗಿದಳು.

ಹತ್ತೂವರೆಗೆ ಟ್ರಾಮು ಹಿಡಿದು ತುರ್ಕರ ಅಂಗಡಿಗೆ ಹೋದಳು. ರಾತ್ರಿಯ ಭಜನೆಗೆ ಕನ್ನಡದ ಐದಾರು ಮನೆಯವರು ಸೇರುವವರಿದ್ದರು, ಫಳಾರಕ್ಕೆ ಖರ್ಜೂರ, ದ್ರಾಕ್ಷಿ, ಬಾಳೆಹಣ್ಣು ತರುವುದು ಅವಳ ಪಾಲಿಗೆ ಬಂದಿತ್ತು. ಹಣ್ಣು ಆರಿಸುವಾಗಲೇ ಕೈ ನಡುಗತೊಡಗಿತು. ವಿಲ್ಹೆಲ್ಮ್ ಗೈಗರ್ ಪ್ಲಾಟ್ಸ್‌ನ ಟ್ರಾಮು ನಿಲ್ದಾಣಕ್ಕೆ ಬರುವಷ್ಟರಲ್ಲಿ ಆ ಚಳಿಯಲ್ಲೂ ರವಿಕೆ ಬೆವರಿನಿಂದ ತೊಯ್ದಿತ್ತು. ಎದೆ ಡವಡವ ಎನ್ನುತ್ತಿತ್ತು, ಎದುರಿನ ಗಡಿಯಾರ ಎರಡಾಗಿ ಕಾಣುತ್ತಿತ್ತು. ಕೈಯಲ್ಲಿ ಒಂದು ಕಿಲೋ ಖರ್ಜೂರ ಇತ್ತು. ಎರಡೇ ಎರಡು ಬಾಯಿಗೆ ಹಾಕಿಕೊಂಡಿದ್ದರೆ ಸಾಕಾಗಿತ್ತು. ಅವಳು ಹಾಕಿಕೊಳ್ಳಲಿಲ್ಲ. ಉಪವಾಸದ ನಿಶ್ಶಕ್ತಿ, ಇಷ್ಟು ವರ್ಷ ನಡೆಸಿದ್ದನ್ನು ಸಂಜೆಯ ತನಕ ತಡೆಯಲಾರೆನೇ ಎಂದು ಹಲ್ಲು ಕಚ್ಚಿ, ಖರ್ಜೂರದ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ಆಮೇಲೆ ಬಿದ್ದಳು. ಬೆಂಚಿನ ಕಬ್ಬಿಣದ ಅಂಚು ಹಣೆಗೆ ಬಡಿಯಿತು.

ಕಣ್ಣು ಬಿಟ್ಟಾಗ ಆಸ್ಪತ್ರೆ. ಹಣೆಗೆ ಐದು ಹೊಲಿಗೆ, ಕೈಗೆ ಸಲೈನು. ಬಸವಪ್ರಸಾದ ಆಫೀಸಿನ ಬ್ಯಾಡ್ಜ್ ಕೊರಳಲ್ಲಿ ಹಾಕಿಕೊಂಡೇ ಓಡಿಬಂದಿದ್ದ. ಅಂಬುಲೆನ್ಸಿನಲ್ಲಿ ನೋಡಿದಾಗ ಅವಳ ರಕ್ತದಲ್ಲಿ ಸಕ್ಕರೆ ಮೂವತ್ತೊಂದು ಇತ್ತಂತೆ. ಗ್ಲೂಕೋಸ್ ಕೊಟ್ಟ ಮೇಲೆ ಏರಿತು, ಮಧ್ಯಾಹ್ನ ಮೂರಕ್ಕೆ ಮತ್ತೆ ನಲವತ್ತೆಂಟಕ್ಕೆ ಬಿತ್ತು. ಇನ್ನೊಂದು ಬಾಟಲಿ ಹಾಕಿದರು. ಎಳೆ ವಯಸ್ಸಿನ ಲೇಡಿ ಡಾಕ್ಟರು ಹಾಸಿಗೆಯ ಕಾಲ ಬಳಿ ನಿಂತು ಬಸವಪ್ರಸಾದನನ್ನು ಜರ್ಮನ್‌ನಲ್ಲಿ ಕೇಳಿದಳು: ಇವರಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವುದಾದರೂ ಗುಳಿಗೆ ತಗೊಳ್ಳುತ್ತಾರೆಯೇ?

ಬಸವಪ್ರಸಾದ ಶ್ರೀದೇವಿಯ ಕಡೆ ತಿರುಗಿ ಕೇಳಲೂ ಇಲ್ಲ. ಏನೂ ಇಲ್ಲ, ನನ್ನ ಹೆಂಡತಿ ಪೂರ್ತಿ ಆರೋಗ್ಯವಾಗಿದ್ದಾಳೆ, ಒಂದು ಗುಳಿಗೆಯೂ ಇಲ್ಲ ಎಂದು ತಾನೇ ಹೇಳಿದ. ಅಷ್ಟು ಜರ್ಮನ್ ಶ್ರೀದೇವಿಗೆ ಅರ್ಥವಾಗುತ್ತಿತ್ತು. ಯುಗಾದಿಯ ದಿನ ತೋರಿಸಿದ ಇನ್ನೂರ ನಲವತ್ತು ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಡಾಕ್ಟರು ಗಂಭೀರವಾದಳು. ಗುಳಿಗೆ ಇಲ್ಲದೆ ಸಕ್ಕರೆ ಹೀಗೆ ಎರಡೆರಡು ಸಲ ಬೀಳುವುದು ಒಳ್ಳೆಯ ಲಕ್ಷಣವಲ್ಲ, ಹೊಟ್ಟೆಯಲ್ಲಿ ಗಂಟೇನಾದರೂ ಇದೆಯೋ ಹುಡುಕಬೇಕು, ಸ್ಕ್ಯಾನ್ ಆಗಬೇಕು ಎಂದಳು. ಬಸವಪ್ರಸಾದನ ಮುಖ ಬಿಳಿಚಿತು. ಹಾಸಿಗೆಯ ಅಂಚಿಗೆ ಕೂತು ಹೆಂಡತಿಯ ಕೈ ಹಿಡಿದುಕೊಂಡ.

"ಹೊಟ್ಯಾಗ ಗಂಟ್ ಐತೇನೋ ಅಂತಾರ, ಶ್ರೀದೇವಿ. ಏನೂ ಆಗಂಗಿಲ್ಲ, ನಾ ಅದೀನಿ," ಎನ್ನುವಾಗ ಅವನ ಕಣ್ಣಲ್ಲಿ ನೀರು ಬಂತು. ಹಾಗೆ ಅವನು ಅವಳ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ. ಒಂದು ಗಳಿಗೆ ಅವಳಿಗೆ ಸುಮ್ಮನೆ ಇದ್ದುಬಿಡೋಣ ಅನ್ನಿಸಿತು.

"ಗಂಟಿಲ್ರಿ," ಎಂದಳು. "ನಿಮ್ಮ ಗುಳಗಿ."

"ನನ್ನ ಗುಳಗಿ ಏನು?"

"ಅರ್ಧ ನಾ ತಗೋತೀನಿ. ಬಿಳೀದೂ, ಹಸರೂದೂ. ಇವತ್ತೂ ತಗೊಂಡೀನಿ, ಉಪಾಸ ಇದ್ದು."

"ಇವತ್ತೊಂದ ದಿನ ಏನು?"

"ಎರಡ್ ವರ್ಷ ಆತು."

ಅವನ ಕೈ ಅವಳ ಕೈಯಿಂದ ಜಾರಿತು. ಡಾಕ್ಟರು ಇಬ್ಬರ ಮುಖ ನೋಡುತ್ತಾ ಕಾದಿದ್ದಳು. ಬಸವಪ್ರಸಾದ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ನನ್ನ ಸಕ್ಕರೆ ಗುಳಿಗೆಯನ್ನು ಇವತ್ತು ಒಂದೇ ಸಲ ಕೈತಪ್ಪಿ ನುಂಗಿಬಿಟ್ಟಿದ್ದಾಳೆ ಎಂದ. ಹೊಯ್ಟೆ ಎಂದರೆ ಇವತ್ತು, ಐನ್‌ಮಾಲ್ ಎಂದರೆ ಒಂದು ಸಲ. ಇವು ಶ್ರೀದೇವಿಗೆ ತರಕಾರಿ ಅಂಗಡಿಯಲ್ಲೇ ಬಂದ ಮಾತುಗಳು. ಡಾಕ್ಟರಿಗೆ ನಿರಾಳವಾಯಿತು. ಒಂದೇ ಸಲವಾದರೆ ರಾತ್ರಿ ಇಲ್ಲೇ ಇರಲಿ, ಹಸಿರು ಗುಳಿಗೆಯ ಜೋರು ಇಳಿಯುವ ತನಕ ನೋಡಿಕೊಳ್ಳುತ್ತೇವೆ, ನಾಳೆ ಮನೆಗೆ ಕಳಿಸುತ್ತೇವೆ ಎಂದು ಕಡತ ಮುಚ್ಚಿದಳು.

ಮನೆಗೆ ಹೋದ ಮೇಲೆ ಏನು? ಗುಳಿಗೆಯ ಡಬ್ಬಿ ಅವನ ಬೀರುವಿಗೆ ಹೋಗುತ್ತದೆ. ಅವಳು ಆರೋಗ್ಯವಂತೆ ಎಂದು ಕಾಗದದಲ್ಲಿ ಬರೆದಾಗಿರುತ್ತದೆ. ನೀರಡಿಕೆ ಮತ್ತೆ ಬರುತ್ತದೆ, ಟರ್ಮಿನ್ ಮತ್ತೆ ಮುಂದೆ ಹೋಗುತ್ತದೆ. ಅತ್ತೆಯ ಕಾಲಿನ ಬೆರಳು ನೆನಪಾಯಿತು.

"ನೈನ್," ಎಂದಳು ಶ್ರೀದೇವಿ. ಅಲ್ಲ ಎನ್ನಲು ಅಷ್ಟು ಸಾಕು. ಡಾಕ್ಟರು ಬಾಗಿಲಲ್ಲಿ ನಿಂತಳು. ಶ್ರೀದೇವಿ ಎರಡು ಬೆರಳೆತ್ತಿ, "ತ್ಸ್ವೈ ಯಾರೆ," ಎಂದಳು. ಎರಡು ವರ್ಷ. ಆಮೇಲೆ ಎರಡು ಹೆಬ್ಬೆರಳು ಜೋಡಿಸಿ ಮುರಿಯುವಂತೆ ಮಾಡಿ, ಒಂದರ್ಧ ಗಂಡನ ಕಡೆ, ಒಂದರ್ಧ ತನ್ನ ಬಾಯಿ ಕಡೆ ತೋರಿಸಿದಳು.

ಡಾಕ್ಟರು ವಾಪಸು ಬಂದಳು. ಬಸವಪ್ರಸಾದನನ್ನು ದಾಟಿ ಬಂದು, ಕುರ್ಚಿ ಎಳೆದು ಶ್ರೀದೇವಿಯ ತಲೆಯ ಬದಿಗೆ ಕೂತಳು. ಹದಿನಾಲ್ಕು ವರ್ಷದಲ್ಲಿ ಈ ದೇಶದ ಡಾಕ್ಟರೊಬ್ಬರು ಅವಳ ಮುಖಕ್ಕೆ ಮುಖ ಕೊಟ್ಟು ಕೂತದ್ದು ಅದೇ ಮೊದಲು. ಯಾವ ಗುಳಿಗೆ ಎಂದು ಕೇಳಿದಳು. ರೂಢಿಯ ಮೇಲೆ ಬಸವಪ್ರಸಾದನೇ ಬಾಯಿ ತೆರೆದ. ಒಂದು ಬಿಳಿ, ಎಂದ. ಇನ್ನೊಂದು, ಎಂದ. ಅಷ್ಟಕ್ಕೇ ನಿಂತ. ಆರು ವರ್ಷ ತಾನು ನುಂಗಿದ್ದರ ಹೆಸರು ಅವನಿಗೆ ಗೊತ್ತಿರಲಿಲ್ಲ.

"ಮೆಟ್‌ಫಾರ್ಮಿನ್, ಸಾವಿರ. ಗ್ಲಿಮೆಪಿರಿಡ್, ಎರಡು," ಎಂದು ಶ್ರೀದೇವಿ ಅಂಕಿಗಳನ್ನು ಜರ್ಮನ್‌ನಲ್ಲೇ ಹೇಳಿದಳು. ಡಾಕ್ಟರು ಬರೆದುಕೊಂಡು, ಇನ್ನಷ್ಟು ರಕ್ತ ತೆಗೆಸಿಕೊಂಡು ಹೋದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಬಸವಪ್ರಸಾದ ಕಿಟಕಿಯ ಬಳಿಗೆ ಹೋಗಿ ಬೆರಳು ಮಡಿಸತೊಡಗಿದ. ಏನನ್ನೋ ಲೆಕ್ಕ ಹಾಕುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವನು ಬಾಯಿ ಬಿಟ್ಟಾಗ ಆಡಿದ್ದು ಇದು:

"ಅಂದ್ರ ನಂದು ಎಂಟೂವರಿ ಆಗಿದ್ದು ನಿನ್ನಿಂದ."

"ಹೂಂ."

"ನನ್ನ ಕಣ್ಣಿಗೆ, ಕಿಡ್ನಿಗೆ ಏನರ ಆಗಿದ್ರ?"

"ತಪ್ಪಾತು. ನಂದು ದೊಡ್ಡ ತಪ್ಪು," ಎಂದಳು. ಅವಳು ಅದನ್ನು ಮನಸ್ಸಿನಿಂದಲೇ ಹೇಳಿದಳು, ಎರಡು ವರ್ಷ ಆ ಭಯದಲ್ಲೇ ಅವನ ಕಣ್ಣನ್ನು ನೋಡುತ್ತಾ ಬಂದವಳು. ಆಮೇಲೆ ಹೇಳಿದ್ದನ್ನೂ ಮನಸ್ಸಿನಿಂದಲೇ ಹೇಳಿದಳು. "ಎರಡ್ ವರ್ಷದಾಗ ಒಮ್ಮೆರ ನಿಮ್ಮ ಅಂಗೈ ನೋಡ್ಕೊಂಡಿದ್ರ ನಾ ಅವತ್ತ ಸಿಕ್ಕ ಬೀಳ್ತಿದ್ದೆ. ನಾ ದಿನಾ ಕಾದೀನಿ."

ಅಷ್ಟರಲ್ಲಿ ಇಳಕಲ್ಲಿನಿಂದ ಸಾವಿತ್ರವ್ವನ ಫೋನು ಬಂತು, ಅವನು ಎತ್ತಿಕೊಂಡ. "ಉಪಾಸಕ್ಕ ಚಕ್ಕರ್ ಬಂದ್ ಬಿದ್ದಾಳ, ಏನಿಲ್ಲ," ಎಂದು ಹೇಳಿ ಇಟ್ಟ.

ಮರುದಿನ ಮಧ್ಯಾಹ್ನ ರಕ್ತದ ವರದಿ ಬಂತು. ಪವಿಯೂ ಶಾಲೆಯಿಂದ ನೇರ ಆಸ್ಪತ್ರೆಗೆ ಬಂದಿದ್ದಳು. ಡಾಕ್ಟರು ಒಂದು ಕಾಗದ ಮುಂದಿಟ್ಟುಕೊಂಡು ನಿಧಾನವಾಗಿ, ಬಹಳ ಹೊತ್ತು ಮಾತಾಡಿದಳು. ನಡುವೆ ಎರಡು ಸಲ ಶ್ರೀದೇವಿಯ ಕೈ ಮುಟ್ಟಿದಳು. ಮಾತು ಮುಗಿದ ಮೇಲೆ ಬಸವಪ್ರಸಾದ ಅದನ್ನು ಕನ್ನಡಕ್ಕೆ ತಂದ.

"ಸಕ್ರಿ ಐತಂತ. ಕಿಡ್ನಿ ಒಂಚೂರು ವೀಕ್ ಅದಾವಂತ. ಹೆದರೂದೇನಿಲ್ಲ."

ಇಷ್ಟು ಹೊತ್ತು ಆಡಿದ ಮಾತಿಗೆ ಇಷ್ಟೇ ಅರ್ಥವೇ ಎಂದು ಶ್ರೀದೇವಿ ಅವನ ಮುಖ ನೋಡಿದಳು. ಪವಿ ಗೋಡೆಗೆ ಒರಗಿ ನಿಂತಿದ್ದಳು. ಮನೆಯಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರ ಕೊಡುವ ಹುಡುಗಿ. ಅವಳು ಅಂದು ತಡವರಿಸುತ್ತಾ ಕನ್ನಡದಲ್ಲಿ ಮಾತಾಡಿದಳು.

"ಅಮ್ಮಾ, ಪಪ್ಪ ಪೂರ್ತಿ ಹೇಳ್ಲಿಲ್ಲ. ಕಿಡ್ನಿ ಅರ್ಧಾನೂ ವರ್ಕ್ ಮಾಡ್ತಿಲ್ಲ. ಹೋಗಿದ್ದು ವಾಪಸ್ ಬರಂಗಿಲ್ಲ ಅಂದ್ರು. ಇದು ಎರಡೇ ವರ್ಷದ್ದಲ್ಲ, ಆದ್ರ ಎರಡ್ ವರ್ಷ ಮೊದ್ಲು ಟೆಸ್ಟ್ ಮಾಡಿದ್ರ ಅಲ್ಲೇ ನಿಲ್ಲಿಸಬಹುದಿತ್ತು ಅಂತ. ಆ ಹಸಿರು ಟ್ಯಾಬ್ಲೆಟ್, ಕಿಡ್ನಿ ವೀಕ್ ಇದ್ದವರಿಗೆ ಇನ್ನೂ ಡೇಂಜರ್ ಅಂತ. ಮೈಯಾಗೇ ಉಳೀತೈತಂತ."

"ಪವಿ, ಸಾಕು," ಎಂದ ಬಸವಪ್ರಸಾದ.

"ಇಲ್ಲ ಪಪ್ಪ. ಪ್ಲೀಸ್. ಅ‍ವಳಿಗೆ ಹೇಳ್ಬೇಕು." ಹುಡುಗಿ ಗೋಡೆ ಬಿಟ್ಟು ಹಾಸಿಗೆಯ ಹತ್ತಿರ ಬಂದಳು. "ಇನ್ನ ಮೇಲೆ ಒಬ್ರ ಟ್ಯಾಬ್ಲೆಟ್ ಇನ್ನೊಬ್ರು ತಗೋಬಾರ್ದು. ನಿಂಗ ಬೇರೆ, ಪಪ್ಪಗ ಬೇರೆ. ನಿಂಗ ಬಿಳೀದು ಮಾತ್ರ, ಸಣ್ಣ ಡೋಸ್, ಊಟದ ಜೊತೆ. ವಾಂತಿ ಆದ್ರ, ಊಟ ಬಿಟ್ರ ತಗೊಳ್ಳೋದ್ ನಿಲ್ಲಿಸಿ ಫೋನ್ ಮಾಡ್ಬೇಕು. ಉಪಾಸ ಮಾಡೋದಿದ್ರ ಮೊದ್ಲು ಕೇಳ್ಬೇಕು. ಮೂರು ತಿಂಗಳಿಗೊಮ್ಮೆ ಕಿಡ್ನಿ ಟೆಸ್ಟ್. ನಾನ್ ಬರ್ತೀನಿ ಜೊತೆಗೆ."

ಶ್ರೀದೇವಿ ಕಾಗದ ಕೇಳಿ ತೆಗೆದುಕೊಂಡಳು. ತಗೊಳ್ಳಬೇಕಾದ ಔಷಧದ ಪಟ್ಟಿ, ಬೆಳಿಗ್ಗೆ ಒಂದು, ರಾತ್ರಿ ಒಂದು. ಮೇಲೆ ಅವಳ ಪೂರ್ತಿ ಹೆಸರು ಅಚ್ಚಾಗಿತ್ತು. ಅವಳು ಬೆರಳಿಟ್ಟು ಆ ಹೆಸರನ್ನು ಓದಿದಳು. ಅದರ ಕೆಳಗೆ ಕಿಡ್ನಿಯ ಅಂಕಿಯೂ ಇತ್ತು. ಅದನ್ನೂ ಓದಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತೆಯ ಮೇಲೆ, ಆಡಿಟ್ಟಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಮೂರನೆಯ ಸಲ ನೆನಪಿಸದೆ ಬಾಯಿ ಮುಚ್ಚಿಕೊಂಡ ತನ್ನ ಮೇಲೆ.

ಬಸವಪ್ರಸಾದನಿಗೂ ಪರೀಕ್ಷೆ ಆಯಿತು. ಅವನ ಡಾಕ್ಟರು ಹಸಿರು ಗುಳಿಗೆ ನಿಲ್ಲಿಸಿ, ಬಿಳಿಯದನ್ನೇ ಇಡೀ ಕೊಟ್ಟು ನೋಡೋಣ ಎಂದರು. ಕಣ್ಣು ಸರಿ ಇದ್ದವು, ಕಿಡ್ನಿ ಸರಿ ಇದ್ದವು. ಆ ವರದಿಯನ್ನು ಅವನು ಶ್ರೀದೇವಿಗೆ ಒಂದು ಮಾತೂ ಬಿಡದೆ ಓದಿ ಹೇಳಿದ.

ಈಗ ಅಡಿಗೆಮನೆಯಲ್ಲಿ ಎರಡು ಡಬ್ಬಿಗಳಿವೆ. ಅವನದರ ಮೇಲೆ ಅವನ ಹೆಸರು, ಅವಳದರ ಮೇಲೆ ಅವಳ ಹೆಸರು, ಪವಿ ದಪ್ಪ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಳೆ. ಬೆಳಿಗ್ಗೆ ಏಳಕ್ಕೆ ಬಸವಪ್ರಸಾದ ಉಪ್ಪಿಟ್ಟಿನ ಮುಂದೆ ಕೂರುತ್ತಾನೆ, ನಾಲ್ಕು ಚಮಚ ತಿಂದು ಬಲಗೈ ಚಾಚುತ್ತಾನೆ. ಶ್ರೀದೇವಿ ಗುಳಿಗೆ ಇಡುತ್ತಾಳೆ. ಅವನು ಮೊಬೈಲ್ ಕೆಳಗಿಡುತ್ತಾನೆ. ಗುಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿನ ದೀಪದ ಕಡೆಗೆ ಎತ್ತುತ್ತಾನೆ, ಆ ಬದಿ ಈ ಬದಿ ತಿರುಗಿಸಿ, ಎರಡೂ ತುದಿ ಉಗುರಿನಿಂದ ಮುಟ್ಟಿ, ಇಡಿಯಾಗಿದೆಯೇ ಎಂದು ನೋಡುತ್ತಾನೆ. ಕಂಪನಿಯಲ್ಲಿ ಫಲಕ ಕೊಟ್ಟದ್ದು ಇದೇ ಕಣ್ಣಿಗೆ. ಆಮೇಲೆ ನುಂಗಿ ನೀರು ಕುಡಿಯುತ್ತಾನೆ.

"ನಿಂದು ತಗೊಂಡೀಯೇನು" ಎಂದು ಇನ್ನೂ ಒಂದು ದಿನವೂ ಕೇಳಿಲ್ಲ. ಅವನು ಆಫೀಸಿಗೆ ಹೋದ ಮೇಲೆ ಶ್ರೀದೇವಿ ತಟ್ಟೆ ತೆಗೆದು, ಮೇಜು ಒರೆಸಿ, ತಿಂಡಿ ಹಾಕಿಕೊಂಡು ಕೂತು ತನ್ನ ಗುಳಿಗೆ ತಗೊಳ್ಳುತ್ತಾಳೆ.